ಮೂಗಿಗಿಂತ ಮೂಗುತಿ ಭಾರ

ಮೆಚ್ಚಿದ ಕಥೆ ಮುಗಿದುಹೋದರೆ ನಮಗೆಲ್ಲ ಒಂದು ಬಗೆಯ ಸಂಕಟ. ಧಾರಾವಾಹಿಯ ಕೊನೆಯ ಕಂತು ಓದಿ ವಾರಪತ್ರಿಕೆ ಮಡಿಸಿಟ್ಟ ಮೇಲೂ, ನಾಯಕಿ ಮುಂದೇನು ಮಾಡಿದಳೋ ಎಂದು ಒಗ್ಗರಣೆ ಹಾಕುತ್ತಲೇ ಯೋಚಿಸುತ್ತೇವೆ. ಪಕ್ಕದ ಮನೆಯವರೊಡನೆ ಕಾಂಪೌಂಡಿಗೆ ಕೈಯೂರಿ ವಾದಿಸುತ್ತೇವೆ. ನಮ್ಮಲ್ಲಿ ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯುತ್ತದೆ. ಬೇರೆ ಕೆಲವು ಕಡೆ ಇದೇ ಮಾತು ಪುಸ್ತಕವಾಗಿ ಬೆಳೆದಿದೆ. ಒಂದು ಕಥೆಯನ್ನು ಮೆಚ್ಚಿದವರೆಲ್ಲ ಸೇರಿ, ಅದರ ಪಾತ್ರಗಳನ್ನೇ ಇಟ್ಟುಕೊಂಡು ಹೊಸ ಕಥೆ, ಕವನ, ಚಿತ್ರ ರಚಿಸಿ, ತಾವೇ ಅಚ್ಚು ಹಾಕಿಸಿ ಹಂಚಿಕೊಳ್ಳುವ ಪುಸ್ತಕಕ್ಕೆ ಫ್ಯಾನ್‌ಝೀನ್ ಎನ್ನುತ್ತಾರೆ. ಅಭಿಮಾನಿಗಳ ಪತ್ರಿಕೆ ಎಂದುಕೊಳ್ಳೋಣ. ಆ ಪದ 1940ರಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಓದುಗರ ನಡುವೆ ಹುಟ್ಟಿತು. ಈಚಿನ ವರ್ಷಗಳಲ್ಲಿ ಇಂಥ ಪುಸ್ತಕದ ಜೊತೆ ಸ್ಟಿಕರ್, ಕೀಚೈನ್, ಬಿಲ್ಲೆಗಳೂ ಬರುತ್ತಿವೆ. ಈ ಸಾಮಾನು ಬಂದ ಮೇಲೆ ಪುಸ್ತಕಕ್ಕೆ ಏನಾಯಿತು ಎಂಬುದೇ ನನ್ನ ಪ್ರಶ್ನೆ.

ಮೊದಲು ಹಳೆಯದನ್ನು ನೋಡೋಣ. 1966ರಲ್ಲಿ ಅಮೆರಿಕದ ಟೀವಿಯಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಶುರುವಾಯಿತು. ಅದರಲ್ಲಿ ಸ್ಪಾಕ್ ಎಂಬ ಪಾತ್ರ. ತಾಯಿ ಭೂಮಿಯವಳು, ತಂದೆ ಬೇರೊಂದು ಗ್ರಹದವನು, ಭಾವನೆಗಳನ್ನು ಅದುಮಿಟ್ಟುಕೊಂಡು ಬದುಕುವವನು. ಇಂಥವನ ಮೌನ ಹೆಂಗಸರಿಗೆ ಬೇಗ ಅರ್ಥವಾದರೆ ಆಶ್ಚರ್ಯವೇನು! ಮರುವರ್ಷವೇ, 1967ರ ಸೆಪ್ಟೆಂಬರಿನಲ್ಲಿ, ಡೆವ್ರಾ ಲ್ಯಾಂಗ್‌ಸಾಮ್ ಮತ್ತು ಶೆರ್ನಾ ಕಾಮರ್‌ಫರ್ಡ್ ಎಂಬ ಇಬ್ಬರು ಮಹಿಳೆಯರು 'ಸ್ಪಾಕನೇಲಿಯಾ' ಎಂಬ ಪತ್ರಿಕೆ ತಂದರು. ಲ್ಯಾಂಗ್‌ಸಾಮ್ ವೃತ್ತಿಯಲ್ಲಿ ಗ್ರಂಥಪಾಲಕಿ. ಆ ಒಂದೇ ಧಾರಾವಾಹಿಗೆ ಮೀಸಲಾದ ಪತ್ರಿಕೆಗಳಲ್ಲಿ ಇದೇ ಮೊದಲನೆಯದು. ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮೊಯ್ ಬರೆದ ಪತ್ರವೂ ಅದರಲ್ಲಿ ಅಚ್ಚಾಯಿತು. 1970ರ ವರೆಗೆ ಒಟ್ಟು ಐದು ಸಂಚಿಕೆಗಳು ಬಂದವು.

ಅಚ್ಚಾದದ್ದು ಮಿಮಿಯೋಗ್ರಾಫ್ ಯಂತ್ರದಲ್ಲಿ, ಎಂದರೆ ನಮ್ಮ ಸೈಕ್ಲೋಸ್ಟೈಲ್ ಬಗೆಯದು. ಶಾಲೆಯ ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆದು ಸೆರಗಿಗೆಲ್ಲ ಮಸಿ ಮಾಡಿಕೊಂಡವರಿಗೆ ಆ ಕಷ್ಟ ವಿವರಿಸಬೇಕಾಗಿಲ್ಲ. ಆ ಕಾಲದ ಇಂಥ ಪತ್ರಿಕೆಗಳ ಪುಟಗಳನ್ನು ಮೇಜಿನ ಸುತ್ತ ರಾಶಿ ರಾಶಿಯಾಗಿ ಇಟ್ಟು, ಗೆಳತಿಯರೆಲ್ಲ ಪ್ರದಕ್ಷಿಣೆ ಹಾಕುತ್ತ ಒಂದೊಂದೇ ಹಾಳೆ ಎತ್ತಿಕೊಂಡು, ಪಿನ್ನು ಹೊಡೆದು ಕಟ್ಟುತ್ತಿದ್ದರು. ಹಪ್ಪಳ ಒತ್ತುವ ಮನೆಯ ಗದ್ದಲ ನೆನೆಸಿಕೊಳ್ಳಿ. ಬೆಲೆ ಇಡುತ್ತಿದ್ದದ್ದು ಕಾಗದ, ಮಸಿ, ಅಂಚೆಯ ಖರ್ಚು ಹುಟ್ಟಲೆಂದು. ಬರೆದವರಿಗೆ ಸಂಭಾವನೆ ಎಂದರೆ ಒಂದು ಪ್ರತಿ, ಅಷ್ಟೆ. ಪಾತ್ರಗಳು ಇನ್ನೊಬ್ಬರ ಸ್ವತ್ತು, ಅದರಿಂದ ಲಾಭ ಮಾಡಬಾರದು ಎಂಬ ಲೆಕ್ಕವೂ ಇದರ ಹಿಂದೆ ಇತ್ತು.

ಬರಹ ಎಲ್ಲವೂ ಚೆನ್ನಾಗಿತ್ತೆಂದು ಯಾರೂ ಹೇಳುವುದಿಲ್ಲ. 1973ರಲ್ಲಿ ಪಾಲಾ ಸ್ಮಿತ್ ಎಂಬವರು 'ಮೆನಾಜರಿ' ಎಂಬ ಇಂಥದೇ ಪತ್ರಿಕೆಯಲ್ಲಿ ಒಂದು ಪುಟ್ಟ ಅಣಕು ಕಥೆ ಬರೆದರು. ಅದರ ನಾಯಕಿ ಮೇರಿ ಸೂ. ಹದಿನಾರೂ ತುಂಬದ ಈ ಹುಡುಗಿ ನೌಕೆಯ ಅಧಿಕಾರಿ. ಅವಳಿಗೆ ಬಾರದ ವಿದ್ಯೆಯಿಲ್ಲ, ಅವಳನ್ನು ಮೆಚ್ಚದವರಿಲ್ಲ! ಹೊಸದಾಗಿ ಬರೆಯುವ ಹುಡುಗಿಯರು ತಮ್ಮನ್ನೇ ನಾಯಕಿ ಮಾಡಿಕೊಂಡು ಬರೆಯುತ್ತಿದ್ದ ಕಥೆಗಳನ್ನು ಇದು ತಮಾಷೆ ಮಾಡಿತ್ತು. ಇಂದಿಗೂ ಇಂಗ್ಲಿಷಿನಲ್ಲಿ ಅಂಥ ಪಾತ್ರಕ್ಕೆ ಮೇರಿ ಸೂ ಎಂದೇ ಹೆಸರು. ನನಗೆ ಈ ಅಣಕಿಗಿಂತ ಅದರ ಹಿಂದಿನ ಸಂಗತಿ ದೊಡ್ಡದಾಗಿ ಕಾಣುತ್ತದೆ. ನಗುವಷ್ಟು ಕಥೆಗಳು ಸಿಕ್ಕಬೇಕಾದರೆ ಅವು ಮೊದಲು ಅಚ್ಚಾಗಿರಬೇಕಲ್ಲ? ಅಂದರೆ ಬಾಗಿಲು ತೆರೆದಿತ್ತು. ಕಲಿಯದವಳೂ ಒಳಗೆ ಬಂದಿದ್ದಳು.

ಜಪಾನಿನಲ್ಲೂ ಹೀಗೆಯೇ ನಡೆಯಿತು. 1975ರ ಡಿಸೆಂಬರ್ 21ರಂದು ಟೋಕಿಯೋದಲ್ಲಿ ಕಾಮಿಕೆಟ್ ಎಂಬ ಸಂತೆ ಮೊದಲ ಸಲ ಸೇರಿದಾಗ ಪುಸ್ತಕ ಹಿಡಿದು ಬಂದ ಗುಂಪುಗಳು 32, ಜನ ಸುಮಾರು 700. ಅವರಲ್ಲಿ ಬಹುಪಾಲು ಹುಡುಗಿಯರ ಕಾಮಿಕ್ಸ್ ಓದುವ ಶಾಲಾ ಬಾಲಕಿಯರು. ಈಗ ಅಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆದರೂ ಆ ಸಂತೆಯ ಒಂದು ತತ್ವ ಉಳಿದಿದೆ: ಇಲ್ಲಿ ಗಿರಾಕಿ ಎಂಬುವರಿಲ್ಲ, ಮಾರುವವರು, ಕೊಳ್ಳುವವರು, ಕುರ್ಚಿ ಜೋಡಿಸುವವರು ಎಲ್ಲರೂ ಭಾಗವಹಿಸುವವರೇ. ಮದುವೆ ಮನೆಯಲ್ಲಿ ಬಡಿಸುವವರೂ ಉಣ್ಣುವವರೂ ನೆಂಟರೇ ಆಗಿರುವ ಹಾಗೆ.

ಇನ್ನು ಇಂದಿನ ರೀತಿ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಹೊರದೇಶದಿಂದ ಇಂಥ ಒಂದು ಪೊಟ್ಟಣ ತರಿಸಿ ತೋರಿಸಿದಳು. ಅವಳಿಂದಲೇ ಕೆಲಸದ ಕ್ರಮವೂ ತಿಳಿಯಿತು. ಮೊದಲು, ಎಷ್ಟು ಜನಕ್ಕೆ ಆಸಕ್ತಿಯಿದೆ ಎಂದು ಪ್ರಶ್ನಾವಳಿ ಹಂಚಿ ತಿಳಿದುಕೊಳ್ಳುತ್ತಾರೆ. ಆಮೇಲೆ ಮೇಲ್ವಿಚಾರಕರ ತಂಡ: ಬರಹಕ್ಕೊಬ್ಬರು, ಚಿತ್ರಕ್ಕೊಬ್ಬರು, ಪುಟವಿನ್ಯಾಸಕ್ಕೊಬ್ಬರು, ಹಣಕ್ಕೊಬ್ಬರು, ಅಂಚೆಗೊಬ್ಬರು. ಬರೆಯುವವರು ಮಾದರಿ ಕಳಿಸಿ ಅರ್ಜಿ ಹಾಕಬೇಕು. ಆಯ್ಕೆಯಾದವರಿಗೆ ತಿಂಗಳುಗಟ್ಟಲೆ ಗಡುವುಗಳು; ಮೊದಲು ಕರಡು, ಆಮೇಲೆ ಅರ್ಧ ಕೆಲಸ, ಕೊನೆಗೆ ಪೂರ್ತಿ. ಕೊಳ್ಳುವವರು ಮುಂಗಡ ಹಣ ಕಟ್ಟುತ್ತಾರೆ, ಆ ಹಣದಿಂದಲೇ ಮುದ್ರಣ. ಉಳಿದದ್ದನ್ನು ಕೆಲವರು ತಮ್ಮೊಳಗೆ ಹಂಚಿಕೊಳ್ಳುತ್ತಾರೆ, ಕೆಲವರು ಧರ್ಮಕಾರ್ಯಕ್ಕೆ ಕೊಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಮೂವತ್ತು ನಲವತ್ತು ಜನ, ಸಂಬಳವಿಲ್ಲದೆ, ಇಂಥ ಶಿಸ್ತಿನಿಂದ ದುಡಿಯುವುದೆಂದರೆ ಸಾಮಾನ್ಯವೇ? ಸ್ಕೂಲ್ ಡೇ ಮಾಡಿಸಿದ ಯಾವ ಟೀಚರನ್ನಾದರೂ ಕೇಳಿ!

ಪೊಟ್ಟಣದಲ್ಲಿ ಪುಸ್ತಕವಿತ್ತು, ನುಣುಪು ಕಾಗದ, ಕಣ್ಣಿಗೆ ಹಬ್ಬದಂಥ ಬಣ್ಣ. ಜೊತೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕೀಚೈನ್ ಎರಡು, ಎನಾಮಲ್ ಬಿಲ್ಲೆ, ಸ್ಟಿಕರ್ ಹಾಳೆ, ಪೋಸ್ಟ್‌ಕಾರ್ಡ್, ಬಟ್ಟೆಯ ಚೀಲ. ಮೊರದ ಬಾಗಿನ ಬಿಚ್ಚಿದಷ್ಟೇ ಸಂಭ್ರಮವಾಯಿತು. ಆದರೆ ಬಾಗಿನದ ಬಳೆ ಕುಂಕುಮಕ್ಕೆ ಯಾರೂ ಮುಂಗಡ ಕೇಳುವುದಿಲ್ಲ.

ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಬಿಲ್ಲೆಯ ಅಚ್ಚು ಮಾಡಿಸಲು ಖರ್ಚು, ಇಂತಿಷ್ಟು ನೂರಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲವೆಂಬ ಕಾರ್ಖಾನೆಯ ಷರತ್ತು, ತೂಕ ಹೆಚ್ಚಿದ್ದಕ್ಕೆ ಹೆಚ್ಚು ಅಂಚೆ ವೆಚ್ಚ. ಇದೆಲ್ಲ ಹುಟ್ಟಬೇಕಾದರೆ ನೂರಾರು ಮಂದಿ ಮುಂಗಡ ಕಟ್ಟಬೇಕು. ಅವರು ಕಟ್ಟಬೇಕಾದರೆ ಹೆಸರಾದ ಕೈಗಳೇ ಪುಸ್ತಕದಲ್ಲಿರಬೇಕು. ಆದ್ದರಿಂದ ಅರ್ಜಿ, ಆಯ್ಕೆ, ತಿರಸ್ಕಾರ. ನನ್ನ ತಂಗಿಯ ಮಗಳೂ ಹಿಂದೊಮ್ಮೆ ಬೇರೊಂದು ಸಂಕಲನಕ್ಕೆ ಅರ್ಜಿ ಹಾಕಿದ್ದಳಂತೆ. ಮಟ್ಟ ಸಾಲದೆಂದು ಉತ್ತರ ಬಂತು. ಅವಳು ಆಮೇಲೆ ಬರೆಯಲಿಲ್ಲ. ಈಗ ಕೊಳ್ಳುತ್ತಾಳೆ. ಭಾಗವಹಿಸಬೇಕಾದವಳು ಗಿರಾಕಿಯಾದಳು. ಬಿಲ್ಲೆಯಂಥ ಚಿಕ್ಕ ವಸ್ತು ಎಷ್ಟು ದೊಡ್ಡ ಬಾಗಿಲು ಮುಚ್ಚಿತು ನೋಡಿ.

ಇದಕ್ಕೆ ಉತ್ತರವೂ ಇದೆ, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಹೆಂಗಸರ ದುಡಿಮೆ ಯಾವತ್ತೂ ಬಿಟ್ಟಿಯಾಗಿಯೇ ಇರಬೇಕೆ, ಚಿತ್ರ ಬರೆದ ಹುಡುಗಿಗೆ ನಾಲ್ಕು ಕಾಸು ಬಂದರೆ ತಪ್ಪೇನು ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ಲ್ಯಾಂಗ್‌ಸಾಮ್ ಕಾಲದ ಬಿಟ್ಟಿ ಚಾಕರಿಯನ್ನು ಪೂಜಿಸಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಸಾಮಾನು ಹೆಚ್ಚಿದಷ್ಟೂ ಹಣ ಕಾರ್ಖಾನೆಗೂ ಅಂಚೆಗೂ ಹೋಗುತ್ತದೆಯೇ ಹೊರತು ಬರೆದವಳಿಗಲ್ಲ. ರಾತ್ರಿಯೆಲ್ಲ ಕೂತು ಪೊಟ್ಟಣ ಕಟ್ಟುವ ಕೆಲಸವೂ ಅವಳದೇ. ಹಣ ಹಿಡಿದವರು ನಡುವೆ ನಾಪತ್ತೆಯಾದರಂತೂ ಮುಂಗಡ ಕಟ್ಟಿದವರ ಬೈಗುಳ ಕೇಳಬೇಕಾದವರು ಉಳಿದವರು.

ಸಾಮಾನೇ ಬೇಡವೆನ್ನುವಷ್ಟು ಒಣ ಮನಸ್ಸು ನನ್ನದಲ್ಲ. ಒಂದು ಪೋಸ್ಟ್‌ಕಾರ್ಡೋ ಒಂದು ಸ್ಟಿಕರೋ ಇರಲಿ, ಚೆಂದವೇ. ಆದರೆ ಪೊಟ್ಟಣದಿಂದ ಪುಸ್ತಕವೊಂದನ್ನೇ ತೆಗೆದಿಟ್ಟರೆ ಕೊಂಡವರಿಗೆ ಅದರ ಕೊರತೆ ತಿಳಿಯುತ್ತದೆಯೆ ಎಂದು ತಂಡದವರು ಒಮ್ಮೆ ಕೇಳಿಕೊಳ್ಳಬೇಕು. ಜಮಾ ಖರ್ಚನ್ನು ಕೊನೆಯ ಪುಟದಲ್ಲಿ ಅಚ್ಚು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಐದೋ ಆರೋ ಪುಟಗಳನ್ನು ಮೊದಲ ಸಲ ಬರೆಯುವವರಿಗೆ ಅರ್ಜಿಯಿಲ್ಲದೆ ಬಿಟ್ಟುಕೊಡಬೇಕು. ಆ ಪುಟಗಳಲ್ಲಿ ಒಬ್ಬ ಮೇರಿ ಸೂ ಬಂದು ಕುಳಿತರೆ ಪುಸ್ತಕದ ಅಂದವೇನೂ ಕೆಡುವುದಿಲ್ಲ. ನಗುವವರು ನಗಲಿ. ಮುಂದಿನ ಸಂಚಿಕೆಗೆ ಅವಳು ಇನ್ನೂ ಚೆನ್ನಾಗಿ ಬರೆದಾಳು.