ಓಡಿಸಿದವರ ಹೆಸರು

ಪತ್ರಿಕೆಯಲ್ಲಿ ಅಚ್ಚಾಗುವ ಕಂಬಳದ ಫಲಿತಾಂಶದಲ್ಲಿ ಮೊದಲು ಬರುವುದು ಕೋಣಗಳ ಯಜಮಾನರ ಹೆಸರು. ಓಟಗಾರನದು ಅದರ ಹಿಂದೆ, ‘ಓಡಿಸಿದವರು’ ಎಂದು. 2020ರ ಫೆಬ್ರುವರಿಯಲ್ಲಿ ಈ ಕ್ರಮ ತಲೆಕೆಳಗಾಯಿತು. ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿ ಇಟ್ಟರು. ದೇಶವೆಲ್ಲ ಬೆರಗಾಯಿತು.

ಆಗ ಬಂದ ಬರೆಹಗಳ ಮೇಲೆ ನನ್ನ ತಕರಾರಿದೆ. ಅವುಗಳಲ್ಲಿ ಕೆಸರಿಲ್ಲ; ಕೋಣಗಳಂತೂ ನೆಪಕ್ಕಷ್ಟೆ. ಓಟಗಾರನನ್ನು ಹಗ್ಗ ಎಳೆಯುತ್ತದೆ. ಆ ಎಳೆತಕ್ಕೆ ಮುಗ್ಗರಿಸದೆ ಎರಡು ಕೋಣಗಳನ್ನೂ ಒಂದೇ ಓಟಕ್ಕೆ ತರುವುದು ಅವನ ವಿದ್ಯೆ. ಕನೆಹಲಗೆಯ ವಿಭಾಗದಲ್ಲಾದರೋ, ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದೇ ಲೆಕ್ಕ; ಅಲ್ಲಿ ಬೋಲ್ಟರಿಗೇನು ಕೆಲಸ? ಟ್ರ್ಯಾಕಿನ ಓಟ ಬೆರಳ ಮೇಲೆ, ಕಂಬಳದ್ದು ಹಿಮ್ಮಡಿಯ ಮೇಲೆ ಎಂದು ಗೌಡರೇ ಹೇಳಿ, ಕ್ರೀಡಾ ಪ್ರಾಧಿಕಾರದ ಪರೀಕ್ಷೆಯನ್ನು ಒಲ್ಲೆನೆಂದರು. ಆ ವಾರ ಅಚ್ಚಾದ ವಿಮರ್ಶೆಗಳಲ್ಲಿ ಇದೇ ಮೇಲಾದದ್ದು.

ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲಿ ಓಡಿದರು. 2021ರಲ್ಲಿ ಬಂಟ್ವಾಳದ ಕಕ್ಯಪದವಿನಲ್ಲಿ ಗೌಡರು 125 ಮೀಟರಿಗೆ ತೆಗೆದುಕೊಂಡದ್ದು 11.21 ಸೆಕೆಂಡು. ಬೆರಗು ಅಷ್ಟರಲ್ಲಿ ಇಳಿದಿತ್ತು.

ಗೌಡರು ಕಟ್ಟಡದ ಕೂಲಿ ಮಾಡಿದವರು. ಕಂಬಳವಿರುವುದು ಮಳೆಗಾಲ ಕಳೆದ ಕೆಲವು ತಿಂಗಳು ಮಾತ್ರ. ಓಡಿಸುವುದು ಪರರ ಕೋಣಗಳನ್ನು. ಕಾಲು ಸೋತ ಮೇಲೆ ಇಂಥವರು ಏನು ಮಾಡುತ್ತಾರೆಂದು ಒಂದು ಲೇಖನವೂ ಕೇಳಿದ್ದನ್ನು ನಾನು ಓದಿಲ್ಲ. ಸೆಕೆಂಡಿನ ನೂರನೆಯ ಒಂದು ಪಾಲನ್ನು ಮಾತ್ರ ಎಲ್ಲರೂ ಎಣಿಸಿದರು.