ಇ-ಇಂಕ್ ಮಾನಿಟರೂ ಭಾಲ್ಕಿಯ ಒತ್ತಕ್ಷರವೂ

ಇ-ರೀಡರನ್ನೇ ಗಣಕಕ್ಕೆ ಮಾನಿಟರಾಗಿ ಜೋಡಿಸಿಕೊಂಡರೆ ಕಣ್ಣಿಗೆ ಶ್ರಮವಿಲ್ಲ, ಬರೆಯುವವನಿಗೆ ಏಕಾಗ್ರತೆ ತಾನಾಗಿ ಒದಗುತ್ತದೆ ಎಂಬ ಸ್ತುತಿಯು, 2018ರಲ್ಲಿ ಬೂಕ್ಸ್ ಮ್ಯಾಕ್ಸ್ 2 ಎಂಬ 13.3 ಇಂಚಿನ ಇ-ರೀಡರು ಎಚ್‌ಡಿಎಂಐ ಕಿಂಡಿಯೊಡನೆ ಬಂದಂದಿನಿಂದ ಬೆಳೆಯುತ್ತಲೇ ಇದೆ. ಬೀದರ ಜಿಲ್ಲೆಯ ಔರಾದದ ಬೇಸಗೆಯಲ್ಲಿ ಪಡಸಾಲೆಗೆ ಬಂದು ಕುಳಿತವನಿಗೆ ಲ್ಯಾಪ್‌ಟಾಪಿನ ಪರದೆಯು ಅವನ ಮುಖವನ್ನಲ್ಲದೆ ಬೇರೇನನ್ನೂ ತೋರದಿರುವಾಗ, ಬೆಳಕು ಹೆಚ್ಚಿದಷ್ಟೂ ಸ್ಫುಟವಾಗುವ ಈ ಪರದೆಯ ಗುಣವನ್ನು ಅಲ್ಲಗಳೆಯುವುದು ಅನ್ಯಾಯವೇ ಸರಿ. ಆದರೆ ಅದು ಓದಿಗೆ ಸಲ್ಲುವ ಗುಣ. ಬರವಣಿಗೆಯ ಸಾಧನವೆಂದು ಇದಕ್ಕೆ ದೊರೆತ ಕೀರ್ತಿಯು, ಕನ್ನಡದ ಮಟ್ಟಿಗಾದರೂ, ಯೋಗ್ಯತೆಯನ್ನು ಮೀರಿದುದು.

ಪರೀಕ್ಷೆಗೆ ‘ಭಾಲ್ಕಿ’ ಎಂಬ ಹೆಸರೊಂದೇ ಸಾಕು. ನುಡಿ ಕೀಲಿಮಣೆಯಲ್ಲಿ ‘ಲ’ ಮೂಡಿಸಿ ಎಫ್ ಕೀಲಿಯನ್ನು ಒತ್ತಿದೊಡನೆ ಅದರ ನೆತ್ತಿಗೆ ಪೊಲ್ಲು ಹತ್ತಿ ‘ಲ್’ ಆಗುತ್ತದೆ. ‘ಕ’ ಬಂದೊಡನೆ ಪೊಲ್ಲು ಅಳಿದು ಅಡಿಯಲ್ಲಿ ಒತ್ತು ಕೂಡುತ್ತದೆ. ಗುಡಿಸು ಸೇರಿದಾಗ ನೆತ್ತಿಯು ಮತ್ತೊಮ್ಮೆ ಮಾರ್ಪಡುತ್ತದೆ. ಒಂದೇ ಸ್ಥಾನದಲ್ಲಿ ನಾಲ್ಕು ರೂಪಗಳು! ಇತ್ತ ಈ ಪರದೆಯೋ, ವಿದ್ಯುತ್ತಿನ ಸೆಳೆತಕ್ಕೆ ದ್ರವದೊಳಗೆ ಏರಿಳಿಯುವ ಕಪ್ಪು ಬಿಳಿ ಕಣಗಳಿಂದಾದುದು. 16 ಬೂದುಛಾಯೆಗಳೊಡನೆ ನಿರ್ಮಲವಾಗಿ ಬದಲಾಗಲು ಅದಕ್ಕೆ ಅರೆ ಸೆಕೆಂಡಿನಷ್ಟು ಬೇಕು. ಬೆರಳಿನ ವೇಗಕ್ಕೆ ಒದಗಬೇಕಾದರೆ ಛಾಯೆಗಳನ್ನು ತೊರೆದು, ಬರಿಯ ಕಪ್ಪು ಬಿಳುಪಿನ ಶೀಘ್ರಗತಿಯನ್ನು ಹಿಡಿಯಬೇಕು. ಆಗ ಅಕ್ಷರದ ಅಂಚು ಒರಟಾಗುವುದಲ್ಲದೆ, ಅಳಿದ ಪೊಲ್ಲಿನ ಮಸುಕು ಗುಡಿಸಿನ ಮಗ್ಗುಲಲ್ಲೇ ಉಳಿದುಬಿಡುತ್ತದೆ. ದಕಾರಕ್ಕೂ ಧಕಾರಕ್ಕೂ ಅಡಿಯ ಒಂದು ಸೀಳಷ್ಟೇ ಭೇದವಾಗಿರುವ ಲಿಪಿಯಲ್ಲಿ ಇಂಥ ಮಸುಕು ಕರಡು ತಿದ್ದುವವನನ್ನು ದಾರಿ ತಪ್ಪಿಸದೆ ಬಿಡದು.

ಈ ಸಂಗತಿಯು ನಮ್ಮ ವಿಮರ್ಶಕರ ಕಣ್ಣಿಗೆ ಬೀಳದಿರುವುದು ಆಶ್ಚರ್ಯ. ಒಂದು ಪಂಗಡದವರು ಇದರಲ್ಲಿ ಸಿನಿಮಾ ಓಡಿಸಿ, ಚಿತ್ರ ತಡವರಿಸಿತೆಂದು ಮೂಗು ಮುರಿಯುತ್ತಾರೆ. ಸಿನಿಮಾ ನೋಡಲು ಇದನ್ನು ಕೊಳ್ಳುವವರಾರು? ಮತ್ತೊಂದು ಪಂಗಡದವರು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ಸುಖಪಟ್ಟು, ಅದೇ ಸುಖವನ್ನು ಸಕಲ ಭಾಷೆಗಳಿಗೂ ಹಂಚಿಬಿಡುತ್ತಾರೆ. ಒಮ್ಮೆ ಮೂಡಿದ ಅಕ್ಷರವು ಮುಂದಿನ ಅಕ್ಷರ ಬಂದಾಗ ರೂಪಾಂತರ ಹೊಂದಬಹುದೆಂಬುದನ್ನು ಇವರು ಎಣಿಸಿದಂತಿಲ್ಲ. ಕನ್ನಡ, ಮರಾಠಿ, ಉರ್ದುಗಳು ನಿತ್ಯವ್ಯವಹಾರದಲ್ಲಿ ಕೂಡಿರುವ ಬೀದರ ನಗರದಲ್ಲಿ ಈ ವಿಸ್ಮೃತಿಗೆ ಕ್ಷಮೆಯಿಲ್ಲ. ಉರ್ದುವಿನ ಅಕ್ಷರವೂ ನೆರೆಯದರೊಡನೆ ಕೂಡಿಕೊಳ್ಳುವಾಗ ಆಕಾರ ಬದಲಿಸತಕ್ಕದ್ದೇ.

ನಿಶ್ಚಲವಾದ ಪುಟವನ್ನು ತೋರಿಸುವುದರಲ್ಲಿ ಈ ಪರದೆಗೆ ಸಮಾನವಾದುದು ವಿರಳ. ಆದುದರಿಂದ ಸಾಮಾನ್ಯ ಪರದೆಯಲ್ಲಿ ಬರೆದು, ಮುಗಿದ ಪುಟವನ್ನು ಇದಕ್ಕೆ ಕಳುಹಿಸಿ, ಪಡಸಾಲೆಯ ಬೆಳಕಿನಲ್ಲಿ ನಿಧಾನವಾಗಿ ಓದಿ ತಿದ್ದುವುದೇ ಯುಕ್ತ. ಮಾನಿಟರೆಂದು ಹಣ ತೆತ್ತವರು ಮರುಗಬೇಕಾದುದಿಲ್ಲ: ಎಚ್‌ಡಿಎಂಐ ತಂತಿಯನ್ನು ಕಿತ್ತರೆ ಒಳ್ಳೆಯ ಇ-ರೀಡರೊಂದು ಅವರ ಕೈಯಲ್ಲೇ ಇದೆ.