ಕೆಂಪು ಬೇರೆ, ಖಾರ ಬೇರೆ

‘ಖಾರ ಕಡಿಮೆ ಇರೋದು ಕೊಡಿ’ ಎಂದು ಕೇಳಿ ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವವರನ್ನು ಕಂಡರೆ ನನಗೆ ತುಸು ಬೇಸರ. ಸಂಗೀತ ಕಛೇರಿಗೆ ಹೋಗಿ ‘ಗಲಾಟೆ ಕಡಿಮೆ ಇತ್ತು’ ಎಂದು ಹೊಗಳಿ ಬಂದಂತಾಯಿತು ಅದು. ಬ್ಯಾಡಗಿಯನ್ನು ಕೊಳ್ಳಬೇಕಾದ್ದು ಬಣ್ಣಕ್ಕೆ, ಸಿಪ್ಪೆಯ ಘಮಕ್ಕೆ, ಅರೆದ ಮೇಲೆ ಸಾರಿಗೂ ಗೊಜ್ಜಿಗೂ ಬರುವ ಮೈಗೆ. ಖಾರವೇ ಬೇಕೆಂದರೆ ಗುಂಟೂರಿನದು ನಾಲ್ಕು ಕಾಯಿ ಜೊತೆಗೆ ಹಾಕಿಕೊಂಡರಾಯಿತು.

ಕಾಯಿ ಒಂದೇ ಆದರೂ ಖಾರ ಮತ್ತು ಕೆಂಪಿನ ಜಾಗ ಬೇರೆ ಬೇರೆ. ಖಾರ ಕೊಡುವ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಕೆಂಪು ಕೊಡುವ ಕ್ಯಾಪ್ಸಾಂಥಿನ್ ಇರುವುದು ಸಿಪ್ಪೆಯಲ್ಲಿ. ಬ್ಯಾಡಗಿಗೆ ಮೊದಲನೆಯದು ಅಳತೆಯಲ್ಲಿ, ಎರಡನೆಯದು ಧಾರಾಳವಾಗಿ ಸಿಕ್ಕಿದೆ. ಅದರಲ್ಲೂ ಎರಡು ಬಗೆ. ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ ಇದ್ದರೆ ಕಡ್ಡಿ. ಗಿಡ್ಡಗೆ ದುಂಡುದುಂಡಾಗಿ, ಬೀಜ ಹೆಚ್ಚಿದ್ದರೆ ಡಬ್ಬಿ. ಪುಡಿಗೆ ಡಬ್ಬಿ, ನೆನೆಸಿ ಅರೆಯುವ ಗೊಜ್ಜು–ಚಟ್ನಿಗೆ ಕಡ್ಡಿ ಎಂಬುದು ನನ್ನ ಹಟ. ಒಪ್ಪದವರ ಮನೆಯಲ್ಲೂ ಊಟ ಚೆನ್ನಾಗಿಯೇ ಇರುತ್ತದೆ, ಆ ಮಾತು ಬೇರೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅಲ್ಲಿನ ಮಾರುಕಟ್ಟೆಗೆ ಬರುವ ಕಾಯೆಲ್ಲ ಆ ಊರಿನದೇ ಅಲ್ಲ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ಚೀಲಗಳು ಬಂದು ಬೀಳುತ್ತವೆ. ಒಂದು ಪಾಲು ಅಡುಗೆಮನೆಗೆ ಬರುವುದೇ ಇಲ್ಲ. ಕಾರ್ಖಾನೆಯವರು ಅದರಿಂದ ಓಲಿಯೊರೆಸಿನ್ ಎಂಬ ಗಟ್ಟಿ ಸಾರವನ್ನು ತೆಗೆಯುತ್ತಾರೆ. ಅದು ಸಾಸೇಜಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಅವರಿಗೆ ಕೆಂಪನ್ನು ಅಳೆಯಲು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಎಎಸ್‌ಟಿಎ ಎಂಬ ಅಂಕಿ ಇದೆ. ನಮಗೆ ಕಣ್ಣು, ಮೂಗು, ಎರಡು ಬೆರಳು. ನಾವು ಬಣ್ಣ ನೋಡಿ ಮೆಚ್ಚುವ ಈ ಕಾಯಿಯ ಧಾರಣೆ 2024ರ ಮಾರ್ಚ್‌ನಲ್ಲಿ ಕುಸಿದಾಗ ಅದೇ ಮಾರುಕಟ್ಟೆಯ ಅಂಗಳದಲ್ಲಿ ರೈತರ ಸಿಟ್ಟು ಸಿಡಿದು ವಾಹನಗಳು ಹೊತ್ತಿ ಉರಿದವು. ಕಿಲೋಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ಮುನ್ನ ನನಗೆ ಅದು ನೆನಪಾಗುತ್ತದೆ.

ಆರಿಸುವ ಪಾಠ ನನಗೆ ಸಿಕ್ಕಿದ್ದು ಆ ಕಡೆಯ ವ್ಯಾಪಾರಿಯೊಬ್ಬರಿಂದ. ಕಾಯಿಯನ್ನು ಲಟಕ್ಕನೆ ಮುರಿಯಲು ಹೋದೆ. ‘ಮುರದು ನೋಡಬ್ಯಾಡ್ರೀ, ಹರದು ನೋಡ್ರಿ’ ಎಂದರು. ಸರಿಯಾಗಿ ಒಣಗಿದ ಬ್ಯಾಡಗಿ ಮುರಿಯುವುದಿಲ್ಲ, ತೊಗಲಿನ ಹಾಗೆ ಬಾಗುತ್ತದೆ. ಮುಟ್ಟಿದರೆ ಪುಡಿಯಾಗುವುದು ಅತಿಯಾಗಿ ಒಣಗಿದ್ದು. ಕೈಗೆ ತಂಪು ತಾಗಿದರೆ ತೂಕಕ್ಕೆಂದು ನೀರು ಚಿಮುಕಿಸಿರಬಹುದು. ಅಂಥದ್ದನ್ನು ಉದ್ದಕ್ಕೆ ಹರಿದರೆ ಒಳಗೆ ಬೂದು ಬಣ್ಣದ ಬೂಷ್ಟು ಕಾಣುವುದುಂಟು. ಹೊರಗೆ ಎಷ್ಟೇ ಮಿರುಗಲಿ, ಒಳಸಿಪ್ಪೆಯೂ ಅಷ್ಟೇ ಕೆಂಪಾಗಿರಬೇಕು. ತೊಟ್ಟು ಕಪ್ಪಾಗಿರಬಾರದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಅನ್ನಬೇಕು. ಕೊನೆಗೆ ಮೂಗು: ಹೊಸ ಕಾಯಿಗೆ ಒಣದ್ರಾಕ್ಷಿಯ ಹತ್ತಿರದ ಒಂದು ಸಿಹಿ ವಾಸನೆ ಇದೆ. ಹಳೆಯದಕ್ಕೆ ಬರೀ ಧೂಳು.

ಹೊಸ ಕಾಯಿ ಜನವರಿಯಿಂದ ಬೇಸಿಗೆಯವರೆಗೆ ಬರುತ್ತದೆ. ವರ್ಷಕ್ಕೆ ಬೇಕಾದ್ದನ್ನು ಆಗಲೇ ಕೊಂಡು, ಒಂದು ಬಿಸಿಲು ಕಾಣಿಸಿ, ತೊಟ್ಟು ಬಿಡಿಸದೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದುಬಿಡಬೇಕು. ಬೆಳಕು ಮತ್ತು ಗಾಳಿ ಎರಡೂ ಈ ಕೆಂಪಿನ ಶತ್ರುಗಳು. ಅಲಂಕಾರಕ್ಕೆಂದು ಗಾಜಿನ ಭರಣಿಯಲ್ಲಿ ಕಿಟಕಿಯ ಪಕ್ಕ ಇಡುವವರು ಮಳೆಗಾಲದ ಹೊತ್ತಿಗೆ ಇಟ್ಟಿಗೆ ಬಣ್ಣದ ಕಾಯಿ ತಿನ್ನುತ್ತಾರೆ. ಬ್ಯಾಡಗಿಯ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿರುವುದು ಸುಮ್ಮನೆ ಅಲ್ಲ.

ಪುಡಿ ರೂಪದಲ್ಲಿ ಮಾತ್ರ ಕೊಳ್ಳಬೇಡಿ. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ವಾಪಸು ತೆಗೆಸಿದರು. ಕಾರಣ, ನಮ್ಮ ದೇಶದಿಂದ ಹೋದ ಖಾರದ ಪುಡಿಯಲ್ಲಿದ್ದ ಸೂಡಾನ್–1 ಎಂಬ, ಮೇಣಕ್ಕೆ ಹಾಕುವ ಬಣ್ಣ. ಮನೆಯಲ್ಲಿ ನೀರಿನ ಲೋಟಕ್ಕೆ ಚಿಟಿಕೆ ಪುಡಿ ಉದುರಿಸಿ, ಕೆಂಪು ಗೆರೆಗಳು ಇಳಿಯುತ್ತವೆಯೇ ಎಂದು ನೋಡುವ ಪರೀಕ್ಷೆ ಇದೆಯಲ್ಲ, ಅದಕ್ಕೆ ಸಿಕ್ಕಿಬೀಳುವುದು ನೀರಿನಲ್ಲಿ ಕರಗುವ ಬಣ್ಣ ಮಾತ್ರ. ಸೂಡಾನ್ ಎಣ್ಣೆಯಲ್ಲಿ ಕರಗುವ ಜಾತಿ, ನೀರಿಗೆ ಬಾಯಿಬಿಡುವುದಿಲ್ಲ. ಕಾಯಿಗೆ ಬಣ್ಣ ಬೆರೆಸುವುದು ಅಷ್ಟು ಸುಲಭವಲ್ಲ ಎಂಬುದೇ ಇಡೀ ಕಾಯಿ ಕೊಳ್ಳಲು ಸಾಕಾದ ಕಾರಣ.

ಮೆಣಸಿನಕಾಯಿಯ ಸ್ವಂತ ಕೆಂಪೂ ಎಣ್ಣೆಯಲ್ಲೇ ಕರಗುವುದು. ಇದೊಂದು ಗೊತ್ತಿದ್ದರೆ ಅರ್ಧ ಅಡುಗೆ ಗೊತ್ತಾದಂತೆ. ಕುದಿಯುವ ನೀರಿಗೆ ಖಾರದ ಪುಡಿ ಸುರಿದರೆ ಸಾರು ಮಣ್ಣು ಬಣ್ಣಕ್ಕೆ ತಿರುಗುತ್ತದೆ. ಒಗ್ಗರಣೆಯ ತುಪ್ಪ ಕಾದು, ಉರಿ ಆರಿಸಿದ ಮೇಲೆ ಅದೇ ಪುಡಿಯನ್ನು ಅರ್ಧ ಚಮಚ ಹಾಕಿ ನೋಡಿ, ಸಾರಿನ ಮೇಲೆ ಕೆಂಪು ಕಣ್ಣುಗಳು ತೇಲುತ್ತವೆ. ಉರಿ ಆರಿಸುವುದನ್ನು ಮರೆಯಬಾರದು. ಪುಡಿ ಸೀಯಲು ರೆಪ್ಪೆ ಬಡಿಯುವಷ್ಟು ಹೊತ್ತು ಸಾಕು.

ಉಪಕರಣದ ವಿಷಯಕ್ಕೆ ಬಂದರೆ ನಾನು ಜಿಪುಣ. ಆದರೆ ದಪ್ಪ ತಳದ ಕಬ್ಬಿಣದ ಬಾಣಲೆಯ ವಿಷಯದಲ್ಲಿ ಅಲ್ಲ. ಪುಡಿಗೆ ಹುರಿಯುವಾಗ ಬೇಕಾದ್ದು ಏರಿಳಿಯದ ಕಾವು. ತೆಳು ಪಾತ್ರೆಯಲ್ಲಿ ನಡುವಿನ ಕಾಯಿ ಕಪ್ಪಾಗುವಾಗ ಅಂಚಿನದು ಹಸಿಯಾಗಿಯೇ ಇರುತ್ತದೆ. ಕಬ್ಬಿಣ ನಿಧಾನಕ್ಕೆ ಕಾಯುತ್ತದೆ, ಕಾದದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. ನಾಲ್ಕು ಹನಿ ಎಣ್ಣೆ, ಸಣ್ಣ ಉರಿ. ಕಾಯಿ ಉಬ್ಬಿ, ಸುಕ್ಕು ಬಿಚ್ಚಿಕೊಂಡು, ಮೈ ಹೊಳೆಯತೊಡಗಿದ ಗಳಿಗೆಯಲ್ಲೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಹಿಡಿದಿಟ್ಟ ಕಾವೇ ಕೆಡಿಸುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಪ್ರತಿಯೊಂದನ್ನೂ ಬೇರೆ ಬೇರೆ ಹುರಿಯುವುದು ಮಡಿಯಲ್ಲ. ಒಂದೊಂದರ ಗಾತ್ರ ಒಂದೊಂದು, ಹದವೂ ಹಾಗೆಯೇ. ಅದೇ ಬಾಣಲೆಯಲ್ಲಿ ಹುಣಸೆಹುಳಿ ಕುದಿಸಲು ಹೋಗಬೇಡಿ: ಹುಳಿಗೆ ಕಬ್ಬಿಣ ಕರಗಿ ಸಾರು ಕಪ್ಪಾಗಿ ನಾಲಿಗೆಗೆ ಒಗರು ಹತ್ತುತ್ತದೆ. ಸಾರಿಗೆ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯೋ ಬಳಪದ ಕಲ್ಲಿನದೋ ಇದ್ದರೆ ಸರಿ, ಇಲ್ಲದಿದ್ದರೆ ಸ್ಟೀಲಿಗೇನೂ ದೋಷವಿಲ್ಲ.

ಇನ್ನು ಕುಟ್ಟುವುದು. ಒರಳಿನ ಪುಡಿಯೇ ಪುಡಿ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಅವರಿಗಾಗಿ ಕುಟ್ಟುವವರು ಯಾರು ಎಂದಷ್ಟೇ ಕೇಳುತ್ತೇನೆ. ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ 1960ರ ದಶಕದಲ್ಲಿ ಮಿಕ್ಸಿಗೆ ಕೈಹಾಕಿದ್ದು, ಹೆಂಡತಿಯ ವಿದೇಶಿ ಯಂತ್ರ ನಮ್ಮ ರುಬ್ಬುವಿಕೆಗೆ ಸೋತು ಕೆಟ್ಟುನಿಂತಿದ್ದರಿಂದ. ಅವರ ‘ಸುಮೀತ್’ ಎಷ್ಟು ಹೆಂಗಸರ ರಟ್ಟೆ ಉಳಿಸಿತೋ. ಮಿಕ್ಸಿಯ ದೋಷ ಒಂದೇ, ಬಿಸಿ. ಬ್ಲೇಡು ಬಿಡದೆ ಸುತ್ತಿದರೆ ಜಾರು ಕಾದು, ಹುರಿದು ಎಬ್ಬಿಸಿದ ಘಮವೆಲ್ಲ ಮುಚ್ಚಳ ತೆಗೆದೊಡನೆ ಅಡುಗೆಮನೆಯ ಪಾಲು. ಮನೆಯವರೆಲ್ಲ ‘ಎಂಥ ವಾಸನೆ!’ ಎಂದು ಮೆಚ್ಚುತ್ತಾರೆ. ಮೆಚ್ಚಿದಷ್ಟೂ ಡಬ್ಬಿಗೆ ನಷ್ಟ. ಹುರಿದದ್ದು ಪೂರ್ತಿ ಆರಬೇಕು, ಜಾರು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಗುಂಡಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ತುಸು ತರಿ ಉಳಿದರೆ ಒಳ್ಳೆಯದೇ, ಸಾರು ಕುದಿಯುವಾಗ ಅದು ಬಿಡಿಸಿಕೊಳ್ಳುತ್ತದೆ.

ಬೆಳ್ಳುಳ್ಳಿ ಸುಲಿಯಲೊಂದು, ತೆಂಗಿನಕಾಯಿ ತುರಿಯಲೊಂದು, ನಿಂಬೆ ಹಿಂಡಲೊಂದು ಎಂದು ಯಂತ್ರ ತಂದು ಅಟ್ಟ ತುಂಬಿಸುವ ಬದಲು ಆ ದುಡ್ಡಿಗೆ ಫೆಬ್ರುವರಿಯಲ್ಲಿ ಎರಡು ಕಿಲೋ ಮೊದಲ ದರ್ಜೆಯ ಡಬ್ಬಿ ಕಾಯಿ ಬರುತ್ತದೆ. ಹುಣಸೆಹಣ್ಣು ಹೊಸದಿರಬೇಕೋ ಹಳೆಯದಿರಬೇಕೋ ಎಂದು ಕೇಳಿದವರಿದ್ದಾರೆ. ಆ ಜಗಳ ದೊಡ್ಡದು, ಮುಂದಿನ ವಾರ ಆಡೋಣ.